ತಂದೆಯ ಮೇಲಿನ ತನಿಖೆ

ಮನೆಯ ಹಿರಿಯರೊಬ್ಬರು ತೀರಿಕೊಂಡು, ಬಂದ ನೆಂಟರೆಲ್ಲ ಹೊರಟುಹೋದ ಮೇಲೆ, ಅವರ ಬೀರು ತೆರೆಯುವ ಗಳಿಗೆಯೊಂದು ಬರುತ್ತದೆ. ಹಳೆಯ ಪಾಸ್‌ಬುಕ್ಕು, ಕನ್ನಡಕದ ಡಬ್ಬಿ, ಯಾರದೋ ಪತ್ರ, ಯಾರದೋ ಫೋಟೊ. ನಾವು ಅಪ್ಪ ಎಂದು ಕರೆಯುತ್ತಿದ್ದ ಮನುಷ್ಯ ನಮಗೆ ಹೇಳದ ಬದುಕೊಂದನ್ನೂ ಬದುಕಿದ್ದ ಎಂಬುದು ಆಗ ಮೊದಲ ಬಾರಿ ಅರಿವಿಗೆ ಬರುತ್ತದೆ.

1999ರ ಮೇ ತಿಂಗಳಲ್ಲಿ ಸ್ಟೀವ್ ಹೋಡೆಲ್ ಅವರಿಗೆ ಆ ಗಳಿಗೆ ಬಂತು. ಅವರ ತಂದೆ, ವೈದ್ಯ ಜಾರ್ಜ್ ಹೋಡೆಲ್, ತಮ್ಮ 91ನೆಯ ವಯಸ್ಸಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡಿದ್ದರು. ಅವರು ಇಟ್ಟುಕೊಂಡಿದ್ದ ಪುಟ್ಟ ಆಲ್ಬಮ್ಮೊಂದು ಮಗನ ಕೈಗೆ ಬಂತು. ಕುಟುಂಬದವರ ಚಿತ್ರಗಳ ನಡುವೆ ಕಪ್ಪು ಕೂದಲಿನ ತರುಣಿಯ ಎರಡು ಚಿತ್ರಗಳಿದ್ದವು. ಸ್ಟೀವ್ ಸಾಮಾನ್ಯ ಮಗನಾಗಿರಲಿಲ್ಲ. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ ಎರಡು ದಶಕಕ್ಕೂ ಮೀರಿ ದುಡಿದು, ಕೊಲೆ ಪ್ರಕರಣಗಳ ಪತ್ತೇದಾರರಾಗಿ 1986ರಲ್ಲಿ ನಿವೃತ್ತರಾದವರು. ಆ ಮುಖ ಅವರಿಗೆ ಎಲಿಜಬೆತ್ ಶಾರ್ಟ್ ಮುಖದಂತೆ ಕಂಡಿತು.

ಎಲಿಜಬೆತ್ ಶಾರ್ಟ್ ಕೊಲೆಯಾದಾಗ ಆಕೆಗೆ 22 ವರ್ಷ. 1947ರ ಜನವರಿ 15ರ ಬೆಳಿಗ್ಗೆ ಲಾಸ್ ಏಂಜಲೀಸಿನ ಲೈಮರ್ಟ್ ಪಾರ್ಕ್ ಬಡಾವಣೆಯ ಖಾಲಿ ನಿವೇಶನವೊಂದರಲ್ಲಿ ಆಕೆಯ ದೇಹ ಸೊಂಟದ ಬಳಿ ಎರಡಾಗಿ ಕತ್ತರಿಸಿದ ಸ್ಥಿತಿಯಲ್ಲಿ ಸಿಕ್ಕಿತು. ಪತ್ರಿಕೆಗಳು ‘ಬ್ಲ್ಯಾಕ್ ಡೇಲಿಯಾ’ ಎಂಬ ಹೆಸರನ್ನು ಮೆರೆಸಿ, ಆಕೆಯ ಸ್ವಂತ ಹೆಸರನ್ನು ಮರೆಸಿದವು. ಕತ್ತರಿಸಿದ ರೀತಿಯಲ್ಲಿ ವೈದ್ಯಕೀಯ ತಿಳಿವಳಿಕೆ ಇದ್ದವನ ಕೈ ಕಂಡಿತೆಂದು ಪೊಲೀಸರು ವೈದ್ಯರನ್ನೂ ವೈದ್ಯ ವಿದ್ಯಾರ್ಥಿಗಳನ್ನೂ ವಿಚಾರಿಸಿದರು. ಕೊಂದದ್ದು ತಾವೇ ಎಂದು ಸುಳ್ಳು ಹೇಳಿಕೊಂಡು ಠಾಣೆಗೆ ಬಂದವರೇ ಹತ್ತಾರು ಮಂದಿ. ಕೊಂದವನು ಮಾತ್ರ ಸಿಗಲಿಲ್ಲ.

ಸ್ಟೀವ್ ಹೋಡೆಲ್ ನಾಲ್ಕು ವರ್ಷ ಹುಡುಕಿ, 2003ರಲ್ಲಿ ಪುಸ್ತಕ ಬರೆದು, ಆ ಕೊಲೆಗಾರ ತಮ್ಮ ತಂದೆಯೇ ಎಂದು ಘೋಷಿಸಿದರು. ಅವರು ಸರಿಯೇ ತಪ್ಪೇ ಎಂದು ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. ಅದಕ್ಕೆ ಬೇಕಾದ ಪುರಾವೆ ನನ್ನ ಬಳಿ ಇಲ್ಲ, ಅವರ ಬಳಿಯೂ ಇತ್ತೆಂದು ನನಗೆ ಅನ್ನಿಸುವುದಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಬಂಧುವಿನ ಅಪರಾಧದ ವಿಷಯದಲ್ಲಿ ಬಂಧುವಿನ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಹತ್ತಿರದವನಿಗೆ ಹೆಚ್ಚು ಗೊತ್ತಿರುತ್ತದೆಯೋ, ಹತ್ತಿರವೇ ಕಣ್ಣಿಗೆ ಅಡ್ಡ ಬರುತ್ತದೆಯೋ?

ಈ ಪ್ರಶ್ನೆ ಬಹಳ ಹಳೆಯದು. ಪ್ಲೇಟೋ ಬರೆದ ‘ಯೂಥಿಫ್ರೋ’ ಸಂವಾದದಲ್ಲಿ ಯೂಥಿಫ್ರೋ ಎಂಬಾತ ತನ್ನ ತಂದೆಯ ಮೇಲೆಯೇ ಕೊಲೆಯ ಆರೋಪ ಹೊರಿಸಲು ನ್ಯಾಯಾಲಯಕ್ಕೆ ಬಂದಿರುತ್ತಾನೆ. ನ್ಯಾಕ್ಸೋಸ್ ದ್ವೀಪದ ಅವರ ಹೊಲದಲ್ಲಿ ಕೂಲಿಯವನೊಬ್ಬ ಕುಡಿದ ಅಮಲಿನಲ್ಲಿ ಮನೆಯ ಗುಲಾಮನನ್ನು ಕೊಂದ. ತಂದೆ ಆ ಕೂಲಿಯವನ ಕೈಕಾಲು ಕಟ್ಟಿ ಹಳ್ಳಕ್ಕೆ ಹಾಕಿ, ಮುಂದೇನು ಮಾಡಬೇಕೆಂದು ಕೇಳಲು ಅಥೆನ್ಸಿಗೆ ಆಳನ್ನು ಕಳಿಸಿದ. ಆಳು ಮರಳುವ ಮೊದಲೇ ಕಟ್ಟಿಹಾಕಿದ್ದವನು ಹಸಿವು, ಚಳಿಗೆ ಸತ್ತ. ಸತ್ತವನು ತನ್ನವನೋ ಪರನೋ ಎಂಬುದರಿಂದ ನ್ಯಾಯ ಬದಲಾಗದು ಎನ್ನುತ್ತಾನೆ ಮಗ. ಕನ್‌ಫ್ಯೂಷಿಯಸ್ ಇದಕ್ಕೆ ಎದುರಾದ ಮಾತು ಹೇಳಿದ್ದ. ಕುರಿ ಕದ್ದ ತಂದೆಯ ವಿರುದ್ಧ ಮಗನೇ ಸಾಕ್ಷಿ ಹೇಳಿದ್ದನ್ನು ಅರಸನೊಬ್ಬ ಪ್ರಾಮಾಣಿಕತೆಯೆಂದು ಹೊಗಳಿದಾಗ, ನಮ್ಮಲ್ಲಿ ತಂದೆಯನ್ನು ಮಗ, ಮಗನನ್ನು ತಂದೆ ಮರೆಮಾಡುತ್ತಾರೆ, ಪ್ರಾಮಾಣಿಕತೆ ಇರುವುದು ಅದರಲ್ಲೇ ಎಂದು ಆತ ಉತ್ತರಿಸಿದ.

ಒಬ್ಬ ನ್ಯಾಯವನ್ನೂ ಇನ್ನೊಬ್ಬ ಸಂಬಂಧವನ್ನೂ ಎತ್ತಿಹಿಡಿದ. ಆದರೆ ಇಬ್ಬರೂ ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡಿದ್ದಾರೆ: ತಂದೆ ಏನು ಮಾಡಿದನೆಂಬುದು ಮಗನಿಗೆ ಗೊತ್ತಿದೆ. ನಮ್ಮ ಮನೆಗಳ ಪಂಚಾಯಿತಿಕೆಯಲ್ಲೂ ಇದೇ ನಡೆಯುತ್ತದೆ. ಮುಚ್ಚಿಡಬೇಕೋ ಹೇಳಬೇಕೋ ಎಂದು ಜಗಳವಾಡುವವರು, ನನಗೆ ಗೊತ್ತಿರುವುದು ನಿಜಕ್ಕೂ ಎಷ್ಟು ಎಂದು ಕೇಳಿಕೊಳ್ಳುವುದು ಅಪರೂಪ. ಸಾಕ್ರಟೀಸ್ ಯೂಥಿಫ್ರೋನನ್ನು ತಡೆದು ನಿಲ್ಲಿಸುವುದು ಇಲ್ಲಿಯೇ. ಇಂಥ ಹೆಜ್ಜೆ ಇಡಬೇಕಾದರೆ ಧರ್ಮ ಅಧರ್ಮಗಳ ವಿಷಯದಲ್ಲಿ ನಿನಗೆ ಅಷ್ಟೊಂದು ಖಚಿತವಾದ ತಿಳಿವು ಇದೆಯೇ ಎಂದು ಕೇಳುತ್ತಾನೆ. ಸಂವಾದ ಮುಗಿಯುವವರೆಗೂ ಯೂಥಿಫ್ರೋಗೆ ಉತ್ತರ ಹೊಳೆಯುವುದಿಲ್ಲ. ತುರ್ತು ಕೆಲಸವಿದೆಯೆಂದು ಹೊರಟುಬಿಡುತ್ತಾನೆ.

ಸ್ಟೀವ್ ಹೋಡೆಲ್ ಅವರಿಗೆ ಏನು ಗೊತ್ತಿತ್ತು? ಮೊದಲು ಅವರ ಪಕ್ಷವನ್ನು ನ್ಯಾಯವಾಗಿ ಹೇಳಬೇಕು. ಜಾರ್ಜ್ ಹೋಡೆಲ್ ಮೇಲೆ 1949ರಲ್ಲಿ ಸ್ವಂತ ಮಗಳ ಮೇಲಿನ ಅತ್ಯಾಚಾರದ ಆರೋಪ ಬಂದಿತ್ತು. ನ್ಯಾಯಾಲಯ ಖುಲಾಸೆ ಮಾಡಿತು. 1950ರಲ್ಲಿ ಆತ ಅಮೆರಿಕ ಬಿಟ್ಟು, ಮುಂದಿನ ದಶಕಗಳನ್ನು ಬಹುಪಾಲು ಫಿಲಿಪ್ಪೀನ್ಸಿನಲ್ಲಿ ಕಳೆದ. ಎಲ್ಲಕ್ಕಿಂತ ಮುಖ್ಯವಾದದ್ದು ಪುಸ್ತಕ ಹೊರಬಂದ ಮೇಲೆ ತಿಳಿಯಿತು. ಲಾಸ್ ಏಂಜಲೀಸ್ ಟೈಮ್ಸ್ ಅಂಕಣಕಾರ ಸ್ಟೀವ್ ಲೋಪೆಜ್ ಜಿಲ್ಲಾ ಅಟಾರ್ನಿ ಕಚೇರಿಯ ಹಳೆಯ ಕಡತ ತೆರೆಸಿದಾಗ, ಶಂಕಿತರ ಪಟ್ಟಿಯಲ್ಲಿ ಜಾರ್ಜ್ ಹೋಡೆಲ್ ಹೆಸರು ಆಗಲೇ ಇತ್ತು. 1950ರಲ್ಲಿ ತನಿಖಾಧಿಕಾರಿಗಳು ಆತನ ಮನೆಯಲ್ಲಿ, ಸ್ಟೀವ್ ಬಾಲ್ಯ ಕಳೆದ ಅದೇ ಮನೆಯಲ್ಲಿ, ಗುಟ್ಟಾಗಿ ಮೈಕ್ರೊಫೋನ್ ಇಟ್ಟು ಐದು ವಾರಕ್ಕೂ ಮೀರಿ ಮಾತು ಕೇಳಿಸಿಕೊಂಡಿದ್ದರು. ಬ್ಲ್ಯಾಕ್ ಡೇಲಿಯಾಳನ್ನು ನಾನೇ ಕೊಂದೆ ಎಂದಿಟ್ಟುಕೊಂಡರೂ ಈಗ ಅವರಿಂದ ಸಾಬೀತು ಮಾಡಲಾಗದು ಎಂಬರ್ಥದ ಮಾತು ಆ ದಾಖಲೆಯಲ್ಲಿದೆ. ಮಗನ ಸಂಶಯ ಬರೀ ಭ್ರಮೆಯಲ್ಲ, ಅರ್ಧ ಶತಮಾನ ಮೊದಲೇ ಅಪರಿಚಿತರಿಗೂ ಅದು ಬಂದಿತ್ತು ಎಂದು ಇದರಿಂದ ಖಚಿತವಾಯಿತು.

ಅದೇ ಕಡತದಲ್ಲಿ ಇನ್ನೊಂದು ಸಾಲೂ ಇದೆ. ತನಿಖೆ ನಡೆಸಿದ ಅಧಿಕಾರಿ ತನ್ನ ವರದಿಯಲ್ಲಿ, ಈ ಧ್ವನಿಮುದ್ರಣಗಳು ಈ ಶಂಕಿತನನ್ನು ಸಂಶಯದಿಂದ ಹೊರಗಿಡುವಂತಿವೆ ಎಂದು ಬರೆದಿದ್ದಾನೆ. ಒಂದೇ ಮಾತು, ಮಗನ ಕಿವಿಗೆ ತಪ್ಪೊಪ್ಪಿಗೆ. ಅಧಿಕಾರಿಗೆ ಅದಕ್ಕೆ ತದ್ವಿರುದ್ಧ. ಆಲ್ಬಮ್ಮಿನ ಚಿತ್ರಗಳ ಕಥೆಯೂ ಹೀಗೆಯೇ. ಆ ಮುಖ ತಮ್ಮ ಎಲಿಜಬೆತ್‌ಳದ್ದಲ್ಲ ಎಂದು ಆಕೆಯ ಮನೆಯವರು ಹೇಳಿದರು. ಒಂದು ಚಿತ್ರ ಬೇರೆ ಹೆಣ್ಣುಮಗಳದ್ದೆಂದು ಮುಂದೆ ಸ್ಟೀವ್ ಅವರೇ ಒಪ್ಪಿಕೊಂಡರು. ಇಡೀ ಹುಡುಕಾಟಕ್ಕೆ ಮೊದಲ ಕಿಡಿಯಾಗಿದ್ದ ಚಿತ್ರಗಳೇ ಅಲುಗಾಡಿದವು, ಆದರೆ ತೀರ್ಮಾನ ಅಲುಗಾಡಲಿಲ್ಲ.

ನಮ್ಮ ನ್ಯಾಯಶಾಸ್ತ್ರಕಾರರು ಈ ಅಪಾಯವನ್ನು ಚೆನ್ನಾಗಿ ಬಲ್ಲವರು. ಹೊಗೆ ಕಂಡು ಬೆಂಕಿಯನ್ನು ಊಹಿಸಬಹುದು, ಏಕೆಂದರೆ ಬೆಂಕಿಯಿಲ್ಲದ ಕಡೆ ಹೊಗೆ ಇರದು. ಆದರೆ ಕಂಡದ್ದು ಹೊಗೆಯೋ ಮಂಜೋ ಎಂಬುದೇ ಖಾತ್ರಿಯಿಲ್ಲದಾಗ ಬೆಂಕಿಯ ಮಾತೆತ್ತುವಂತಿಲ್ಲ. ಬೆಂಕಿ ಇರುವಲ್ಲಿಯೂ ಇಲ್ಲದಲ್ಲಿಯೂ ಸಮನಾಗಿ ಕಾಣುವ ಗುರುತನ್ನು ಅವರು ಹೇತ್ವಾಭಾಸಗಳ ಸಾಲಿಗೆ ಸೇರಿಸಿ, ಅನೈಕಾಂತಿಕ ಎಂದು ಕರೆದರು. ಕಪ್ಪು ಕೂದಲಿನ ತರುಣಿಯ ಚಿತ್ರ, ವೈದ್ಯವೃತ್ತಿ, ದೇಶ ಬಿಟ್ಟು ಹೋದದ್ದು, ಸೊಕ್ಕಿನ ಮಾತು ಇವೆಲ್ಲ ಕೊಲೆಗಾರನಲ್ಲೂ ಇರಬಹುದು, ಕೊಲೆ ಮಾಡದ ಕೆಟ್ಟ ಮನುಷ್ಯನಲ್ಲೂ ಇರಬಹುದು. ಇಂಥ ನೂರು ಗುರುತುಗಳನ್ನು ಕೂಡಿಸಿದರೂ ಒಂದು ಪ್ರಮಾಣ ಹುಟ್ಟುವುದಿಲ್ಲ.

ಕಾಲ ಕಳೆದಂತೆ ಸ್ಟೀವ್ ತಮ್ಮ ತಂದೆಯ ತಲೆಗೆ ಇನ್ನಷ್ಟು ಕೊಲೆಗಳನ್ನು ಕಟ್ಟಿದರು: 1940ರ ದಶಕದ ಷಿಕಾಗೋ, 1967ರ ಮನಿಲಾ, ಕೊನೆಗೆ ಉತ್ತರ ಕ್ಯಾಲಿಫೋರ್ನಿಯಾದ ‘ಜೋಡಿಯಾಕ್’ ಕೊಲೆಗಳು. ನನಗೆ ನೋವಾಗುವುದು ಇಲ್ಲಿ. ಒಂದು ಬಾಗಿಲಿಗೆ ಹೊಂದುವ ಕೀಲಿಕೈ ಊರಿನ ಎಲ್ಲ ಬಾಗಿಲುಗಳನ್ನೂ ತೆರೆಯತೊಡಗಿದರೆ, ಅದು ನಿಜಕ್ಕೂ ಆ ಒಂದು ಬಾಗಿಲಿನದೇ ಎಂದು ಹೇಗೆ ನಂಬುವುದು?

ಬಂಧುಗಳ ಸಾಕ್ಷ್ಯದ ಬಗ್ಗೆ ನಾವು ಸಾಮಾನ್ಯವಾಗಿ ಹೆದರುವುದು ಪ್ರೀತಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯೇ ಇದೆ. ಆದರೆ ಗಾಯವೂ ಪ್ರೀತಿಯಷ್ಟೇ ಕಣ್ಣು ಕಟ್ಟಬಲ್ಲದು. ತಂದೆ ಮನೆಯನ್ನು ಒಡೆದು ಹೋದದ್ದು ಏಕೆ, ಬಾಲ್ಯದಲ್ಲಿ ಆ ಮನೆ ಹಾಗೇಕಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಬೆಳೆದ ಮಗನಿಗೆ, ಆತ ಕೊಲೆಗಾರ ಎಂಬುದು ಭಯಂಕರವಾದರೂ ಒಂದು ಉತ್ತರ. ಎಲ್ಲ ಚೂರುಗಳೂ ಅಲ್ಲಿ ಬಂದು ಕೂಡಿಕೊಳ್ಳುತ್ತವೆ. ಹಾಗೆ ಕೂಡಿಕೊಂಡಾಗ ಸಿಗುವ ಸಮಾಧಾನವನ್ನು ಸತ್ಯ ಸಿಕ್ಕಾಗಿನ ಸಮಾಧಾನದಿಂದ ಬೇರ್ಪಡಿಸುವುದು ಅನುಭವಿಸುವವನಿಗೆ ಬಹಳ ಕಷ್ಟ. ಸ್ಟೀವ್ ಅವರ ಮನಸ್ಸಿನಲ್ಲಿ ಹೀಗೆಯೇ ನಡೆಯಿತೆಂದು ನಾನು ಹೇಳಲಾರೆ. ಆದರೆ ಯಾವ ಮಗನೂ ತನ್ನೊಳಗೆ ಹೀಗೆ ನಡೆದಿಲ್ಲವೆಂದು ತಾನೇ ಪ್ರಮಾಣಪತ್ರ ಕೊಟ್ಟುಕೊಳ್ಳಲಾರ. ತನ್ನವರ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಬಾರದು ಎಂಬ ನಿಯಮ ಪಕ್ಷಪಾತಿಗಳಿಗೆಂದು ಮಾತ್ರ ಮಾಡಿದ್ದಲ್ಲ, ಪ್ರಾಮಾಣಿಕರಿಗೂ ಮಾಡಿದ್ದು.

ಹಾಗಾದರೆ ಬಂಧು ಬಾಯಿಮುಚ್ಚಿ ಕೂರಬೇಕೇ? ಕೂರಬಾರದು ಎಂಬುದಕ್ಕೆ ಡೇವಿಡ್ ಕಜಿನ್‌ಸ್ಕಿ ಸಾಕ್ಷಿ. ಅಮೆರಿಕದಲ್ಲಿ 1978ರಿಂದ 1995ರವರೆಗೆ ಅಂಚೆ ಬಾಂಬುಗಳಿಂದ ಮೂವರನ್ನು ಕೊಂದು, 23 ಮಂದಿಯನ್ನು ಗಾಯಗೊಳಿಸಿದ ‘ಯೂನಾಬಾಂಬರ್’ ಬರೆದ ದೀರ್ಘ ಲೇಖನ 1995ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಅಚ್ಚಾಯಿತು. ಇದು ನಿಮ್ಮ ಅಣ್ಣನಾಗಿರಬಹುದೇ ಎಂದು ಮೊದಲು ಕೇಳಿದವರು ಡೇವಿಡ್ ಅವರ ಹೆಂಡತಿ ಲಿಂಡಾ. ಓದಿದ ಡೇವಿಡ್‌ಗೆ ಅಣ್ಣನ ಮಾತಿನ ಧಾಟಿ ಕಂಡಿತು. ಸ್ಟೀವ್ ಅವರೂ ಕೊಲೆಯ ನಂತರ ಪತ್ರಿಕೆಗೆ ಬಂದ ಪತ್ರಗಳಲ್ಲಿ ತಂದೆಯ ಅಕ್ಷರ ಕಂಡೆ ಎಂದವರು. ಗುರುತಿಸುವವರೆಗೆ ಇಬ್ಬರ ದಾರಿಯೂ ಒಂದೇ, ಬೇರೆಯಾದದ್ದು ಆಮೇಲೆ. ಸುಮ್ಮನಿದ್ದರೆ ಇನ್ನೊಂದು ಜೀವ ಹೋಗಬಹುದು, ಹೇಳಿದರೆ ಅಣ್ಣನಿಗೆ ಮರಣದಂಡನೆಯಾಗಬಹುದು ಎಂಬ ಸಂಕಟದಲ್ಲಿ ಡೇವಿಡ್ ತಮ್ಮ ಸಂಶಯವನ್ನೂ ಅಣ್ಣನ ಹಳೆಯ ಬರಹಗಳನ್ನೂ ವಕೀಲರ ಮೂಲಕ ಎಫ್‌ಬಿಐಗೆ ಒಪ್ಪಿಸಿದರು. 1996ರ ಏಪ್ರಿಲಿನಲ್ಲಿ ಮೊಂಟಾನಾದ ಕಾಡಿನಲ್ಲಿದ್ದ ಅಣ್ಣ ಟೆಡ್‌ನ ಗುಡಿಸಲಿನಲ್ಲಿ ಬಾಂಬಿನ ಸಾಮಗ್ರಿಯೇ ಸಿಕ್ಕಿತು. ತಮ್ಮನ ಊಹೆಯನ್ನು ಅವನ ಮನಸ್ಸಿನ ಹೊರಗಿದ್ದ ವಸ್ತುಗಳು ನಿಜವೆಂದು ತೋರಿಸಿದವು. ಆಮೇಲೆ ಡೇವಿಡ್ ಅಣ್ಣನ ಜೀವ ಉಳಿಸಲು ಹೋರಾಡಿದರು; ಟೆಡ್‌ಗೆ ಜೀವಾವಧಿ ಶಿಕ್ಷೆಯಾಯಿತು. ಸಂಶಯವನ್ನು ಬಿಟ್ಟುಕೊಟ್ಟದ್ದರಿಂದಲೇ ಅವರು ತಮ್ಮನಾಗಿ ಉಳಿಯಲು ಸಾಧ್ಯವಾಯಿತು ಎಂದು ನನಗನ್ನಿಸುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಡೇವಿಡ್‌ಗೆ ಒಪ್ಪಿಸಲು ಒಂದು ಕೈ ಇತ್ತು. ಸ್ಟೀವ್ ಮುಂದಿದ್ದದ್ದು ಅರ್ಧ ಶತಮಾನ ಹಳೆಯ ಪ್ರಕರಣ, ಶಂಕಿತ ಬದುಕಿಲ್ಲ, ಇಲಾಖೆಗೆ ಆಸಕ್ತಿಯಿಲ್ಲ. ವ್ಯವಸ್ಥೆ ಕೈಬಿಟ್ಟಲ್ಲಿ ಮಗನಾದರೂ ಕೇಳಬೇಡವೇ? ಖಂಡಿತ ಕೇಳಬೇಕು. ಮನೆತನದ ಮರ್ಯಾದೆಯ ಹೆಸರಿನಲ್ಲಿ ಎಷ್ಟೋ ಹೆಣ್ಣುಮಕ್ಕಳ ನೋವನ್ನು ಹೂತ ಸಮಾಜಗಳಲ್ಲಿ, ಅಪ್ಪನ ಬೀರು ತೆರೆದು ಕೇಳುವ ಮಗನ ಧೈರ್ಯ ದೊಡ್ಡದು. ಆದರೆ ತೀರ್ಪು ಕೊಡುವವರು ಯಾರೂ ಇಲ್ಲದಿದ್ದರೆ ಕೇಳಿದವನಿಗೇ ಆ ಅಧಿಕಾರ ಬಂದುಬಿಡುವುದಿಲ್ಲ. ಸತ್ತ ತಂದೆ ಉತ್ತರಿಸಲಾರ. ಆ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಅನ್ಯಾಯ. ಕಂಡದ್ದನ್ನೆಲ್ಲ ಬಯಲಿಗಿಟ್ಟು, ತನ್ನ ಊಹೆಗೆ ಎದುರಾದ ಸಾಲನ್ನೂ ಅಷ್ಟೇ ದಪ್ಪಕ್ಷರದಲ್ಲಿ ತೋರಿಸಿ, ಯಾವ ಪುರಾವೆ ಸಿಕ್ಕರೆ ಈ ಊಹೆಯನ್ನು ಬಿಡುತ್ತೇನೆ ಎಂದೂ ಹೇಳಿ, ನಿಲ್ಲುವುದು ಮಗನ ಪಾಲಿನ ಕೆಲಸ.

ಇದು ಇನ್ನು ಅಪರೂಪದ ಸಂಕಟವಾಗಿ ಉಳಿದಿಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದ ‘ಗೋಲ್ಡನ್ ಸ್ಟೇಟ್ ಕಿಲ್ಲರ್’ ಜೋಸೆಫ್ ಡಿಏಂಜೆಲೊ ಸಿಕ್ಕಿಬಿದ್ದದ್ದು, ವಂಶಾವಳಿ ಹುಡುಕುವ ತಾಣಕ್ಕೆ ದೂರದ ಬಂಧುಗಳು ಕೊಟ್ಟ ಡಿಎನ್‌ಎ ಮಾಹಿತಿಯ ಎಳೆ ಹಿಡಿದು. ಬಂಧುಗಳ ರಕ್ತ ತೋರಿಸಿದ್ದು ದಾರಿಯನ್ನಷ್ಟೇ. ಆತನನ್ನು ಬಂಧಿಸುವ ಮೊದಲು ಪೊಲೀಸರು ಆತನದೇ ಡಿಎನ್‌ಎ ಸಂಗ್ರಹಿಸಿ ತಾಳೆ ನೋಡಿದರು. ಬಂಧು ದಾರಿ ತೋರಿಸಬಹುದು, ತಾಳೆ ಮಾತ್ರ ಬೇರೆ ಕಡೆಯಿಂದ ಬರಬೇಕು ಎಂಬ ವಿವೇಕವನ್ನು ವಿಜ್ಞಾನವೂ ಬಿಡಲಿಲ್ಲ.

ಈ ಎಲ್ಲ ವಾದದ ನಡುವೆ ಕಳೆದುಹೋಗುವವಳು ಎಲಿಜಬೆತ್. ಆಕೆಯ ಸಾವಿನ ಸುದ್ದಿ ತಾಯಿ ಫೀಬಿ ಶಾರ್ಟ್ ಅವರಿಗೆ ಇನ್ನೂ ತಲುಪಿರಲಿಲ್ಲ. ಲಾಸ್ ಏಂಜಲೀಸಿನ ‘ಎಕ್ಸಾಮಿನರ್’ ಪತ್ರಿಕೆಯವರು ಫೋನು ಮಾಡಿ, ನಿಮ್ಮ ಮಗಳು ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದಿದ್ದಾಳೆ ಎಂದು ಸುಳ್ಳು ಹೇಳಿದರು. ಆ ತಾಯಿ ಹೆಮ್ಮೆಯಿಂದ ಹೇಳಿಕೊಂಡ ಮಾತುಗಳನ್ನೆಲ್ಲ ಬರೆದುಕೊಂಡ ಮೇಲೆ ನಿಜ ತಿಳಿಸಿದರು. ಕಥೆ ಪೂರ್ತಿಯಾಗಬೇಕೆಂಬ ಹಸಿವು ಒಬ್ಬ ತಾಯಿಗೆ ಎಂಥ ಕೇಡು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಅಪೂರ್ಣವಾದದ್ದನ್ನು ಅಪೂರ್ಣವಾಗಿಯೇ ಬಿಡುವ ಕಷ್ಟವನ್ನು ನಾವು ಹೊರಬೇಕಾಗಿರುವುದು ತಂದೆಯ ಮಾನಕ್ಕಾಗಿ ಅಲ್ಲ, ಮಗನ ನೆಮ್ಮದಿಗಾಗಿಯೂ ಅಲ್ಲ. ಆಕೆಯನ್ನು ಕೊಂದವನು ಇವನೇ ಎಂದು ತಪ್ಪಾಗಿ ಹೇಳಿಬಿಟ್ಟರೆ, ನಿಜವಾಗಿ ಕೊಂದವನನ್ನು ನಾವೇ ಬಿಟ್ಟುಕಳಿಸಿದಂತೆ.

ಓಕ್‌ಲೆಂಡಿನ ಗೋರಿಯ ಕಲ್ಲಿನ ಮೇಲೆ ಆಕೆಯ ಹೆಸರಿನೊಂದಿಗೆ ಒಂದು ಸಂಬಂಧವನ್ನೂ ಕೆತ್ತಿದ್ದಾರೆ: ಮಗಳು. ಪತ್ರಿಕೆಗಳು ಕಟ್ಟಿದ ಹೆಸರು ಅಲ್ಲಿಲ್ಲ, ಕೊಂದವನ ಸುಳಿವೂ ಇಲ್ಲ. ಆಕೆಯ ವಿಷಯದಲ್ಲಿ ಆಕೆಯ ಬಂಧುಗಳು ಖಚಿತವಾಗಿ ಬಲ್ಲದ್ದು ಆ ಒಂದು ಪದ. ಅವರು ಅಷ್ಟನ್ನೇ ಬರೆಸಿದರು.