ಪೋಲೋ ಮತ್ತು ಪೊಲೀಸ್

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ರಸ್ತೆ, ಈಗಿನ ರಾಷ್ಟ್ರೀಯ ಹೆದ್ದಾರಿ 65, ನಳದುರ್ಗ, ಉಮರ್ಗಾ ದಾಟಿ ಹುಮನಾಬಾದಿಗೆ ಬರುತ್ತದೆ. ಮಾಣಿಕನಗರಕ್ಕೆ ಹೋಗುವವರು ಇಲ್ಲಿ ಇಳಿಯುತ್ತಾರೆ, ಉಳಿದವರು ಜಹೀರಾಬಾದಿನ ಕಡೆ ಮುಂದುವರಿಯುತ್ತಾರೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ನಿಜಾಮನ ರಾಜ್ಯದೊಳಕ್ಕೆ ಪಶ್ಚಿಮದಿಂದ ನುಗ್ಗಿದ್ದು ಈ ಸೊಲ್ಲಾಪುರದ ದಾರಿಯಲ್ಲೇ. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಕೈಕೆಳಗಿನ ಪಡೆಯನ್ನು ನಾಲ್ಕು ಭಾಗ ಮಾಡಲಾಗಿತ್ತು: ಸ್ಟ್ರೈಕ್ ಫೋರ್ಸ್, ಸ್ಮ್ಯಾಷ್ ಫೋರ್ಸ್, ಕಿಲ್ ಫೋರ್ಸ್, ವೀರ್ ಫೋರ್ಸ್. ಇಡೀ ದಾಳಿಗೆ ಸೇನೆ ಇಟ್ಟ ಗುಪ್ತನಾಮ 'ಆಪರೇಷನ್ ಪೋಲೋ'. ದೆಹಲಿ ಜಗತ್ತಿಗೆ ಹೇಳಿದ ಹೆಸರು 'ಪೊಲೀಸ್ ಆ್ಯಕ್ಷನ್'. ಟ್ಯಾಂಕು, ಯುದ್ಧವಿಮಾನ, ಮೇಲೊಂದು ಕಿಲ್ ಫೋರ್ಸ್ ಕಟ್ಟಿಕೊಂಡು ಬಂದ ಪೊಲೀಸರು!

ಈ ಹೆಸರುಗಳಲ್ಲಿ ಮೋಸದ್ದು ಯಾವುದು? ಗುಪ್ತನಾಮವೇ ಎಂದು ಥಟ್ಟನೆ ಅನಿಸುತ್ತದೆ, ಏಕೆಂದರೆ ಅದು ಹುಟ್ಟುವುದೇ ಮುಚ್ಚಿಡಲು. ನನಗೆ ಹಾಗನ್ನಿಸುವುದಿಲ್ಲ. ಸುಳ್ಳು ಹೇಳಬೇಕಾದರೆ ಮೊದಲು ಏನನ್ನಾದರೂ ಹೇಳಬೇಕು. 'ಪೋಲೋ' ಏನನ್ನೂ ಹೇಳುವುದಿಲ್ಲ. ಹೈದರಾಬಾದಿನಲ್ಲಿ ಪೋಲೋ ಮೈದಾನಗಳು ಜಾಸ್ತಿ ಇದ್ದುದರಿಂದ ಆ ಹೆಸರು ಬಂತು ಎನ್ನುವವರಿದ್ದಾರೆ. ಹಾಗಾಗಿದ್ದರೆ ಗುಪ್ತನಾಮದ ಮಟ್ಟಿಗೆ ಅದು ಕಳಪೆ ಹೆಸರೇ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ತಮ್ಮ ಬಾಂಬರುಗಳಿಗೆ ದಾರಿ ತೋರಿಸುವ ಒಂದು ರೇಡಿಯೋ ವ್ಯವಸ್ಥೆಗೆ 'ವೋಟಾನ್' ಎಂದು ಹೆಸರಿಟ್ಟರು. ಜರ್ಮನ್ ಪುರಾಣದ ದೇವರಾದ ವೋಟಾನ್ ನಮ್ಮ ಶುಕ್ರಾಚಾರ್ಯರ ಹಾಗೆ ಒಕ್ಕಣ್ಣ. ಹಾಗಾದರೆ ಇದು ಒಂದೇ ಕಿರಣದಲ್ಲಿ ನಡೆಯುವ ಯಂತ್ರವಿರಬೇಕು ಎಂದು ಬ್ರಿಟನ್ನಿನ ವಿಜ್ಞಾನಿ ಆರ್.ವಿ. ಜೋನ್ಸ್ ಊಹಿಸಿದರು. ಊಹೆ ಸರಿಯಾಗಿತ್ತು. ಒಳ್ಳೆಯ ಗುಪ್ತನಾಮ ಅರ್ಥಹೀನವಾಗಿರಬೇಕು, ಕೆಲಸ ಮುಗಿದ ಮೇಲೆ ಕಡತದ ಮೇಲಿನ ಚೀಟಿಯಾಗಿ ಬಿದ್ದಿರಬೇಕು. ಅದು ವಂಚಿಸುವುದು ಶತ್ರುವನ್ನು, ಅದೂ ನಾಲ್ಕು ದಿನ.

'ಪೊಲೀಸ್ ಆ್ಯಕ್ಷನ್' ಹಾಗಲ್ಲ. ಅದೊಂದು ವಾದ. ಹೈದರಾಬಾದ್ ಪರದೇಶವಲ್ಲ, ಇದು ನಮ್ಮ ಮನೆಯೊಳಗಿನ ಶಾಂತಿ ಸುವ್ಯವಸ್ಥೆಯ ವಿಷಯ, ಹೊರಗಿನವರು ಮಧ್ಯೆ ಬಾಯಿ ಹಾಕುವಂತಿಲ್ಲ ಎಂಬುದು ಆ ಎರಡು ಪದಗಳ ತಾತ್ಪರ್ಯ. ನಿಜಾಮನ ಸರ್ಕಾರ ಆಗಸ್ಟ್ ತಿಂಗಳಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಮಂಡಳಿ ಅದನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ರಂದು, ಪ್ಯಾರಿಸಿನಲ್ಲಿ. ಮರುದಿನವೇ ಇಲ್ಲಿ ಕದನ ನಿಂತಿತು. 18ರಂದು ನಿಜಾಮನ ಸೇನಾಪತಿ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದರು.

ಇದಕ್ಕಿಂತ ವರ್ಷದ ಹಿಂದೆ, 1947ರ ಜುಲೈಯಲ್ಲಿ, ಡಚ್ಚರು ಇಂಡೊನೇಷ್ಯಾದ ಮೇಲೆ ಸೇನೆ ನುಗ್ಗಿಸಿ ಅದನ್ನೂ 'ಪೊಲೀಸ್ ಕಾರ್ಯಾಚರಣೆ' ಎಂದೇ ಕರೆದಿದ್ದರು. ಅದನ್ನು ಭದ್ರತಾ ಮಂಡಳಿಯ ಮುಂದೆ ಒಯ್ದ ಎರಡು ದೇಶಗಳಲ್ಲಿ ಒಂದು ಆಸ್ಟ್ರೇಲಿಯಾ, ಇನ್ನೊಂದು ಭಾರತ. ಎರಡು ಪ್ರಕರಣಗಳೂ ಒಂದೇ ಎನ್ನುತ್ತಿಲ್ಲ: ಅಲ್ಲಿ ಕಡಲಾಚೆಯ ವಸಾಹತುಗಾರ, ಇಲ್ಲಿ ಸುತ್ತಲೂ ಭಾರತವೇ ಇದ್ದ, ಒಳಗಿನ ಜನರೇ ಒಕ್ಕೂಟ ಸೇರಲು ಹೋರಾಡುತ್ತಿದ್ದ ಸಂಸ್ಥಾನ. ಆದರೆ ಆ ಹೆಸರಿನ ಉಪಯೋಗ ಏನೆಂಬುದು ದೆಹಲಿಗೆ ಚೆನ್ನಾಗಿ ಗೊತ್ತಿತ್ತು.

ಸೇನೆ ಬರಬಾರದಿತ್ತು ಎಂದೂ ನಾನು ಹೇಳುತ್ತಿಲ್ಲ. ಬಸವಕಲ್ಯಾಣ ಸೀಮೆಯ ಗೋರಟಾ ಎಂಬ ಊರಲ್ಲಿ ಅದೇ ವರ್ಷ ಮೇ ತಿಂಗಳಲ್ಲಿ ನಿಜಾಮನ ಪರವಾಗಿ ಆಯುಧ ಹಿಡಿದಿದ್ದ ರಜಾಕಾರರು ನಡೆಸಿದ ಹತ್ಯಾಕಾಂಡದಲ್ಲಿ ಇನ್ನೂರರಷ್ಟು ಜನ ಸತ್ತರೆಂದು ಊರಿನವರು ಹೇಳುತ್ತಾರೆ. ರಜಾಕಾರರ ನಾಯಕ ಖಾಸಿಂ ರಜ್ವಿಯ ಮಾತುಗಳನ್ನು ಕೇಳಿ, ಅವನ ಜನರ ಕೆಲಸ ಕಣ್ಣಾರೆ ಕಂಡವರಿಗೆ ಸೇನೆಯ ಲಾರಿಗಳು ಬಂದದ್ದು ಬಿಡುಗಡೆಯೇ. ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಬೇರೆ. ಹೆಸರನ್ನು ಆರಿಸಿಕೊಂಡವರು ಅದರ ಹೊಣೆಯನ್ನೂ ಹೊರಬೇಕು. ಯುದ್ಧ ಎಂದಿದ್ದರೆ ಯುದ್ಧದ ನಿಯಮಗಳು, ಸೆರೆಯಾಳುಗಳ ಲೆಕ್ಕ, ಹೊರಗಿನವರ ಪ್ರಶ್ನೆಗಳು ಎದುರಾಗುತ್ತಿದ್ದವು. ಪೊಲೀಸ್ ಎಂದದ್ದರಿಂದ ಅವೆಲ್ಲ ತಪ್ಪಿದವು. ಆದರೆ ಪೊಲೀಸರ ಕೆಲಸಕ್ಕೂ ಕಟ್ಟಳೆಗಳಿವೆ, ಒಂದು ರೀತಿಯಲ್ಲಿ ಅವು ಸೇನೆಯ ಕಟ್ಟಳೆಗಿಂತ ಬಿಗಿ. ಸೈನಿಕನ ಎದುರಿಗಿರುವವನು ಶತ್ರು, ಪೊಲೀಸನ ಎದುರಿಗಿರುವವನು ಪ್ರಜೆ. ಠಾಣೆಯ ಹದ್ದಿನಲ್ಲಿ ಹೆಣ ಬಿದ್ದರೆ ಪಂಚನಾಮೆ ಆಗಬೇಕು, ಹೆಸರು ಬರೆಯಬೇಕು, ಕೊಂದವರು ಯಾರೆಂದು ಕೇಳಬೇಕು. ಸರ್ಕಾರ ಪೊಲೀಸ್ ಎಂಬ ಹೆಸರಿನ ಸವಲತ್ತನ್ನು ತೆಗೆದುಕೊಂಡಿತು, ಪಂಚನಾಮೆಯನ್ನು ಬಿಟ್ಟಿತು.

ಬಿಟ್ಟದ್ದು ಸಣ್ಣದೇನಲ್ಲ. ಶರಣಾಗತಿಯ ನಂತರ ರಜಾಕಾರರ ಮೇಲಿನ ಸಿಟ್ಟು ರಜಾಕಾರರಲ್ಲದ ಮುಸ್ಲಿಮರ ಮೇಲೆ ತಿರುಗಿತು. ನೆಹರೂ ಅವರು ಪಂಡಿತ್ ಸುಂದರ್‌ಲಾಲ್ ಅವರ ಮುಂದಾಳ್ತನದಲ್ಲಿ ಒಂದು ಸೌಹಾರ್ದ ತಂಡ ಕಳಿಸಿದರು, ಕಾಜಿ ಅಬ್ದುಲ್ ಗಫಾರ್ ಅದರಲ್ಲೊಬ್ಬರು. 1948ರ ಕೊನೆಯಲ್ಲಿ ಜಿಲ್ಲೆಗಳನ್ನು ಸುತ್ತಿದ ತಂಡ ಹೆಚ್ಚು ಹಾನಿ ಕಂಡದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡದಲ್ಲಿ. ಇಡೀ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅದು ಅಂದಾಜು ಮಾಡಿತು. ಕೆಲವೆಡೆ ಸಮವಸ್ತ್ರದವರೇ ಲೂಟಿಯಲ್ಲಿ ಸೇರಿದ್ದನ್ನೂ, ನೆರೆಯ ಮುಸ್ಲಿಮರನ್ನು ಉಳಿಸಿಕೊಂಡ ಹಿಂದೂಗಳನ್ನೂ ಅದು ದಾಖಲಿಸಿದೆ. ಅಂದಾಜಿನ ಬಗ್ಗೆ ತಕರಾರು ಇರಬಹುದು. ತಕರಾರು ತೆಗೆಯಲಾದರೂ ವರದಿ ಕೈಗೆ ಸಿಗಬೇಕಲ್ಲ? ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ಸಾರ್ವಜನಿಕರು ಅದನ್ನು ಸಲೀಸಾಗಿ ಓದುವಂತಾದದ್ದು 2013ರ ಹೊತ್ತಿಗೆ. ಒಂದು ದಾಳಿಯ ಗುಪ್ತನಾಮ ಐದು ದಿನ ಗುಟ್ಟಾಗಿದ್ದರೆ ಸಾಕಿತ್ತು. ಅದರ ಬಹಿರಂಗ ನಾಮ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಗುಟ್ಟು ಕಾಯಿತು.

ಬೀದರ್ ಸೀಮೆಯ ಆಡುಮಾತಿನಲ್ಲಿ ಈ ಹೆಸರು ಕ್ಯಾಲೆಂಡರೇ ಆಗಿಬಿಟ್ಟಿದೆ. ಹಿರಿಯರ ವಯಸ್ಸು ಕೇಳಿದರೆ 'ಪೊಲೀಸ್ ಆಕ್ಷನ್ದಾಗ ಹುಟ್ಟ್ಯಾನ' ಎನ್ನುತ್ತಾರೆ. ಅಲ್ಲಿ ಅದು ಬರಗಾಲದ ವರ್ಷ, ಪ್ಲೇಗಿನ ವರ್ಷ ಎಂದಂತೆ ಒಂದು ಗುರುತು ಅಷ್ಟೆ. ಉರ್ದು ಬಲ್ಲ ಮನೆಗಳಲ್ಲಿ ಅದೇ ವಾರದ ಹೆಸರು 'ಸುಕೂತ್-ಎ-ಹೈದರಾಬಾದ್', ಹೈದರಾಬಾದಿನ ಪತನ. ಸರ್ಕಾರಿ ಕಚೇರಿಗಳ ಎದುರು ಸೆಪ್ಟೆಂಬರ್ 17 ವಿಮೋಚನೆಯ ದಿನ, 2019ರಿಂದ ಕಲ್ಯಾಣ ಕರ್ನಾಟಕದ ಉತ್ಸವ. ಗಡಿಯಾಚೆಯ ತೆಲಂಗಾಣದಲ್ಲಿ ಸರ್ಕಾರ ಬದಲಾದ ಹಾಗೆ ದಿನದ ಹೆಸರೂ ಬದಲಾಗಿದೆ.

ಹೆಸರು ಹಲವು ಇರುವುದೇ ದೋಷ ಎನ್ನಲು ನಾನು ತಯಾರಿಲ್ಲ, ಮಾಣಿಕನಗರ ಪಕ್ಕದಲ್ಲೇ ಇರುವಾಗ ಆ ಮಾತು ಆಡಲೂ ಆಗದು. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಯಾದ ಮಾಣಿಕಪ್ರಭುಗಳನ್ನು ಒಬ್ಬರು ದತ್ತಾತ್ರೇಯನೆಂದರು, ಲಿಂಗಾಯತರು ಬಸವಣ್ಣನೆಂದರು, ಮುಸ್ಲಿಮರು ಮೆಹಬೂಬ್ ಸುಭಾನಿ ಎಂದರು. ಅವರ ಸಂಪ್ರದಾಯದ ಹೆಸರೇ ಸಕಲಮತ. ಅಲ್ಲಿ ಒಂದು ಹೆಸರು ಇನ್ನೊಂದನ್ನು ಅಳಿಸುವುದಿಲ್ಲ, ಒಬ್ಬನ ಹೆಸರಿಗೆ ಇನ್ನೊಬ್ಬ ಕಿವಿ ಮುಚ್ಚಿಕೊಳ್ಳಬೇಕಿಲ್ಲ. 1948ರ ಹೆಸರುಗಳ ಕಥೆ ಉಲ್ಟಾ: ವಿಮೋಚನೆ ಎಂದರೆ ಗೋರಟಾ ನೆನಪಾಗುತ್ತದೆ, ಶರಣಾಗತಿಯ ಆಮೇಲಿನ ಸಾವುಗಳು ನೆನಪಾಗುವುದಿಲ್ಲ, ಪತನ ಎಂದರೆ ಆ ಸಾವುಗಳು ನೆನಪಾಗುತ್ತವೆ, ಗೋರಟಾ ನೆನಪಾಗುವುದಿಲ್ಲ.

1943ರಲ್ಲಿ ಚರ್ಚಿಲ್ ಗುಪ್ತನಾಮಗಳ ಬಗ್ಗೆ ಒಂದು ಸೂಚನೆ ಬರೆದರು. ಹಗುರವಾದ ಹೆಸರು ಬೇಡ, ಮಗ ಸತ್ತದ್ದು ಇಂಥದೊಂದು ಹುಡುಗಾಟದ ಹೆಸರಿನ ದಾಳಿಯಲ್ಲಿ ಎಂದು ತಾಯಿ ಹೇಳಬೇಕಾಗಬಾರದು ಎಂಬುದು ಅದರ ಸಾರ. ಅದು ಯೋಧನ ತಾಯಿಯ ಮಾತಾಯಿತು. ಗೋರಟಾದ ತಾಯಿಗೆ, ಆಮೇಲೆ ಬೀದರಿನ ಹಳ್ಳಿಗಳಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಅಂಥ ಒಂದು ಹೆಸರೂ ಸಿಗಲಿಲ್ಲ. ಈಗಂತೂ ಕಾಲ ಬದಲಾಗಿದೆ. 2025ರ 'ಆಪರೇಷನ್ ಸಿಂಧೂರ'ದ ಹೆಸರು ಮೊದಲ ದಿನವೇ ಲಾಂಛನದ ಸಮೇತ ಜನರ ಮುಂದೆ ಬಂತು. ಹೆಸರೇ ಸಂದೇಶವಾದಾಗ ಗುಪ್ತ ಎನ್ನಲು ಏನೂ ಉಳಿಯುವುದಿಲ್ಲ, ಪ್ರಶ್ನೆ ಕೇಳುವವನ ಬಾಯಿಗೆ ಮಾತ್ರ ಬೀಗ ಬೀಳುತ್ತದೆ.

1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಹುಮನಾಬಾದ್, ಬಸವಕಲ್ಯಾಣದ ಹಳ್ಳಿಗಳಲ್ಲಿ ಅಂಥವರು ಇನ್ನೂ ಸಿಗುತ್ತಾರೆ, ಹೆಚ್ಚು ದಿನ ಸಿಗಲಾರರು. ಕಲಬುರಗಿ, ಬೀದರಿನ ಕಾಲೇಜುಗಳ ಇತಿಹಾಸದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಊರೂರಿಗೆ ಕಳಿಸಿ, ಮೇ ತಿಂಗಳಲ್ಲಿ ಸತ್ತವರನ್ನೂ ಸೆಪ್ಟೆಂಬರಿನ ಆಮೇಲೆ ಸತ್ತವರನ್ನೂ ಒಂದೇ ವಹಿಯಲ್ಲಿ, ಹೆಸರು, ಊರು, ತಾರೀಖಿನ ಸಮೇತ ಬರೆಸಬೇಕು. ಪೊಲೀಸ್ ಕೆಲಸ ಎಂದು ಕರೆದ ಮೇಲೆ ಆಗಬೇಕಿದ್ದ ಪಂಚನಾಮೆ ಇಷ್ಟೇ, ಇದನ್ನು ಈ ವರ್ಷವೇ ಶುರು ಮಾಡಬಹುದು.