ಮಗು ಮನಸ್ಸು ಬಿಚ್ಚಿದಾಗ

ಬಾಲಕ ಯೂಸುಫ್(ಅ) ತಾನು ಕಂಡ ವಿಚಿತ್ರ ಕನಸನ್ನು ಮೊದಲು ಹೇಳಿದ್ದು ತಂದೆಗೆ. ಯಅ್‌ಕೂಬ್(ಅ) ನಗಲಿಲ್ಲ, ಗದರಲಿಲ್ಲ. ಸಹೋದರರಿಗೆ ಹೇಳಬೇಡವೆಂದು ಎಚ್ಚರಿಸಿ ಮಗನ ಗುಟ್ಟನ್ನು ಕಾಪಾಡಿದರು. ಪ್ರಿಯ ಓದುಗರೇ, ನಮ್ಮ ಮಕ್ಕಳು ಧೈರ್ಯದಿಂದ ಮನಸ್ಸು ಬಿಚ್ಚಬಹುದಾದಂತಹ ತಂದೆ ತಾಯಿ ನಾವಾಗಿದ್ದೇವೆಯೇ?

ಕೆಲವು ಮಕ್ಕಳು, ಗಂಡಾಗಿ ಹುಟ್ಟಿಯೂ ತಾನು ಹೆಣ್ಣೆಂದು, ಹೆಣ್ಣಾಗಿ ಹುಟ್ಟಿಯೂ ತಾನು ಗಂಡೆಂದು ಭಾವಿಸಿ ತೀವ್ರ ಸಂಕಟಪಡುತ್ತಾರೆ. ವೈದ್ಯರು ಈ ಸಂಕಟವನ್ನು ಜೆಂಡರ್ ಡಿಸ್ಫೋರಿಯಾ ಎನ್ನುತ್ತಾರೆ. ಫಿಕ್‌ಹ್ ಗ್ರಂಥಗಳು ಚರ್ಚಿಸುವ ಖುನ್ಸಾ ಬೇರೆ. ಅದು ದೇಹದಲ್ಲೇ ಲಿಂಗ ಅಸ್ಪಷ್ಟವಾಗಿರುವವರ ವಿಷಯ. ದೇಹ ಸ್ಪಷ್ಟವಾಗಿರುವಾಗ ಶಸ್ತ್ರಚಿಕಿತ್ಸೆಯಿಂದ ಲಿಂಗ ಬದಲಿಸುವುದನ್ನು ಹೆಚ್ಚಿನ ಸುನ್ನೀ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಮಗುವಿನ ಮಾತು ಕೇಳುವುದನ್ನು ಯಾವ ವಿದ್ವಾಂಸರೂ ನಿಷೇಧಿಸಿಲ್ಲ.

ವೈದ್ಯರಲ್ಲೂ ಭಿನ್ನಾಭಿಪ್ರಾಯವಿದೆ. ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯೆ ಹಿಲರಿ ಕಾಸ್ 2024ರ ಎಪ್ರಿಲ್‌ನಲ್ಲಿ ಸಲ್ಲಿಸಿದ ವರದಿ, ಪ್ರೌಢಾವಸ್ಥೆಯನ್ನು ತಡೆಹಿಡಿಯುವ ಔಷಧಿಗಳ ಪ್ರಯೋಜನಕ್ಕೆ ಪುರಾವೆ ದುರ್ಬಲವಾಗಿದೆ ಎಂದಿತು. ಡಬ್ಲ್ಯುಪಾತ್ ಎಂಬ ಅಂತಾರಾಷ್ಟ್ರೀಯ ಸಂಘದ 2022ರ ಮಾರ್ಗಸೂಚಿಯಾದರೋ, ಕೂಲಂಕಷ ತಪಾಸಣೆಯ ಬಳಿಕ ಕೆಲವರಿಗೆ ಅದನ್ನು ನೀಡಬಹುದೆನ್ನುತ್ತದೆ. ಆದರೂ ಎರಡೂ ಕಡೆಯವರು ಒಂದು ಮಾತನ್ನು ಒಪ್ಪುತ್ತಾರೆ: ಮೊದಲು ಮಗುವನ್ನು ಪೂರ್ಣವಾಗಿ ಅರಿಯಬೇಕು. ಖಿನ್ನತೆಯಿದೆಯೇ, ಆಟಿಸಂ ಇದೆಯೇ, ಶಾಲೆಯಲ್ಲಿ ಪೀಡನೆಯಿದೆಯೇ ಎಂದು ನೋಡಬೇಕು.

ನಮ್ಮಲ್ಲಿ ನಡೆಯುವುದೇನು? ಹೊಡೆತ, ಕೋಣೆಯಲ್ಲಿ ಕೂಡಿಹಾಕುವುದು, ಜಿನ್ನ್ ಬಾಧೆಯೆಂದು ಮಂತ್ರಿಸಿದ ನೂಲು ಕಟ್ಟಿಸುವುದು. ಬಲವಂತದಿಂದ ಮನಸ್ಸು ಬದಲಿಸುವ ‘ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿ ದುರ್ನಡತೆಯೆಂದು ಸಾರಿದೆ. ವೈದ್ಯನಿಗೇ ಸಲ್ಲದ್ದು ನಮಗೆ ಸಲ್ಲುವುದೇ? ಹೊಡೆತ ತಿಂದ ಮಗು ಬದಲಾಗುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ದಿನ ಮನೆ ಬಿಡುತ್ತದೆ, ಇಲ್ಲವೇ ಪ್ರಾಣವನ್ನೇ ಬಿಡುತ್ತದೆ. ಆಗ ಅಲ್ಲಾಹನ ಮುಂದೆ ನಮ್ಮ ಉತ್ತರವೇನು?

ಚಿಕಿತ್ಸೆ ಪಡೆಯಬೇಕೇ ಎಂದು ಕೇಳಿದ ಗ್ರಾಮೀಣ ಅರಬರಿಗೆ ಪ್ರವಾದಿವರ್ಯರು(ಸ) ಪಡೆಯಿರಿ ಎಂದೇ ಹೇಳಿದ್ದರು. ಆದ್ದರಿಂದ ಅರ್ಹ ಮನೋವೈದ್ಯರನ್ನು ಕಾಣಿರಿ. ಔಷಧಿಗೆ ಅವಸರಪಡಬೇಡಿ, ಆಸ್ಪತ್ರೆಗೆ ಹೋಗಲು ತಡಮಾಡಬೇಡಿ. ಮಗುವಿನ ಗುಟ್ಟು ನೆಂಟರ ಕಿವಿಗೆ ಬೀಳದಿರಲಿ. ‘ಹೆಣ್ಣಿಗ’ ಎಂಬ ಗೇಲಿಯನ್ನು ಮದ್ರಸದಲ್ಲಿ ನಾವು ಉಸ್ತಾದರೇ ತಡೆಯಬೇಕು. ಪರಸ್ಪರ ಗೇಲಿ ಮಾಡುವುದನ್ನು ಕುರ್‌ಆನ್ ನಿಷೇಧಿಸಿದೆ.

ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಅವರ ಮಾತಿಗೆ ಕಿವಿಯಾಗುವ ತಾಳ್ಮೆಯನ್ನು ಅವನು ನಮಗೆ ಅನುಗ್ರಹಿಸಲಿ. ಆಮೀನ್.