ಹಳೇ ಒಡಂಬಡಿಕೆ ಎಂಬ ಹೆಸರು
(ಓದತಕ್ಕ ಭಾಗ: ಲೂಕ 24: 36–48)



ನಮ್ಮ ಸತ್ಯವೇದದ ಮೊದಲಿನ 39 ಪುಸ್ತಕಗಳನ್ನು ನಾವು ಹಳೇ ಒಡಂಬಡಿಕೆ ಎಂದು ಕರೆಯುತ್ತೇವೆ. ಈ ಹೆಸರನ್ನು ಕೇಳಿ ಕೆಲವರು, ಹೊಸದು ದೊರೆತ ಮೇಲೆ ಹಳೆಯದು ಯಾತಕ್ಕೆ ಎಂದು ಆ ಭಾಗವನ್ನು ತೆರೆಯುವದೇ ಇಲ್ಲ. ಆದಕಾರಣ ಈ ಹೆಸರಿನ ಅರ್ಥವನ್ನು ವಿಚಾರಿಸೋಣ.

ಯೆಹೂದ್ಯರು ಇವೇ ಗ್ರಂಥಗಳನ್ನು ಹಳೇ ಒಡಂಬಡಿಕೆ ಎನ್ನುವದಿಲ್ಲ; ಅವರಿಗೆ ಇದೇ ಸಂಪೂರ್ಣ ವೇದವು. ತೋರಾ ಅಂದರೆ ಧರ್ಮಶಾಸ್ತ್ರ, ನೆವಿಯೀಮ್ ಅಂದರೆ ಪ್ರವಾದಿಗಳು, ಕೆತುವೀಮ್ ಅಂದರೆ ಬರಹಗಳು; ಈ ಮೂರರ ಮೊದಲಕ್ಷರಗಳನ್ನು ಕೂಡಿಸಿ ಅವರು ತನಾಖ್ ಎಂದು ಕರೆಯುತ್ತಾರೆ. ಅವರ ಎಣಿಕೆಯಲ್ಲಿ ಪುಸ್ತಕಗಳು 24. ಹನ್ನೆರಡು ಚಿಕ್ಕ ಪ್ರವಾದಿಗಳನ್ನು ಅವರು ಒಂದೇ ಪುಸ್ತಕವಾಗಿ ಎಣಿಸುತ್ತಾರೆ. ಸಮುವೇಲ, ಅರಸುಗಳು, ಪೂರ್ವಕಾಲವೃತ್ತಾಂತ ಇವುಗಳನ್ನು ಎರಡೆರಡಾಗಿ ಒಡೆಯುವದಿಲ್ಲ. ಎಜ್ರ ನೆಹೆಮೀಯರನ್ನು ಒಂದಾಗಿ ಇಡುತ್ತಾರೆ. ಎಣಿಕೆ ಬೇರೆ, ಕ್ರಮ ಬೇರೆ. ಗ್ರಂಥಗಳು ಮಾತ್ರ ಅವೇ.

ಸತ್ತವರೊಳಗಿಂದ ಎದ್ದ ಕರ್ತನು ಶಿಷ್ಯರಿಗೆ ಈ ಗ್ರಂಥಗಳನ್ನು ಯಾವ ಹೆಸರಿನಿಂದ ಜ್ಞಾಪಿಸಿದನು? ಮೋಶೆಯ ಧರ್ಮಶಾಸ್ತ್ರ, ಪ್ರವಾದಿಗಳು, ಕೀರ್ತನೆಗಳು ಎಂದೇ. ಆತನ ಕೈಯಲ್ಲಿದ್ದ ವೇದವು ಇದೇ ಆಗಿತ್ತು.

ಹಾಗಾದರೆ ಹಳೇ ಎಂಬ ಮಾತು ಎಲ್ಲಿಂದ ಬಂತು? ದೇವರು ಹೊಸ ಒಡಂಬಡಿಕೆಯನ್ನು ಮಾಡುವನೆಂಬ ವಾಗ್ದಾನವು ಯೆರೆಮೀಯನ 31ನೆಯ ಅಧ್ಯಾಯದಲ್ಲಿ ಉಂಟು. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 3ನೆಯ ಅಧ್ಯಾಯದಲ್ಲಿ ಹಳೇ ಒಡಂಬಡಿಕೆಯ ಪಾರಾಯಣವನ್ನು ಹೇಳುತ್ತಾನೆ. ಎರಡನೆಯ ಶತಮಾನದಲ್ಲಿ ಸಾರ್ದಿಸಿನ ಬಿಷಪನಾದ ಮೆಲಿತೋ ಈ ಗ್ರಂಥಗಳ ಪಟ್ಟಿಗೆ ಅದೇ ಹೆಸರನ್ನು ಕೊಟ್ಟನು. ಅದೇ ಶತಮಾನದಲ್ಲಿ ಮಾರ್ಸಿಯೋನ್ ಎಂಬವನು ಇವೆಲ್ಲವನ್ನೂ ತಳ್ಳಿಬಿಡಬೇಕೆಂದು ಬೋಧಿಸಲು, ಸುಮಾರು 144ರಲ್ಲಿ ರೋಮಾಪುರದ ಸಭೆಯು ಗ್ರಂಥಗಳನ್ನಲ್ಲ, ಅವನನ್ನೇ ಹೊರಗೆ ಹಾಕಿತು.

ತಾತನ ಕಾಲದ ಜಮೀನಿನ ಪತ್ರವನ್ನು ಹಳೆಯದೆಂದು ಯಾವನಾದರೂ ಒಲೆಗೆ ಹಾಕುವನೋ? ಪೆಟ್ಟಿಗೆಯ ಅಡಿಯಲ್ಲಿ ಭದ್ರವಾಗಿಡುವನಲ್ಲವೇ? ಮೊಮ್ಮಗನ ಹಕ್ಕು ಆ ಪತ್ರದ ಮೇಲೆಯೇ ನಿಂತಿರುವದು. ಹಳೇ ಅಂದರೆ ಮುಂಚಿನದು, ಸವೆದುಹೋದದ್ದಲ್ಲ.

ಇನ್ನೊಂದು ಮಾತು. ಈ ಹೆಸರನ್ನು ಹಿಡಿದು ಯೆಹೂದ್ಯರನ್ನು ಹೀನೈಸಬೇಡಿರಿ. ನಾವು ಕಸಿಮಾಡಲ್ಪಟ್ಟ ಕಾಡೆಣ್ಣೇಮರದ ಕೊಂಬೆಗಳು. ಬೇರು ನಮ್ಮನ್ನು ಹೊರುವದೇ ಹೊರತು ನಾವು ಬೇರನ್ನು ಹೊರುವವರಲ್ಲವೆಂದು ಪೌಲನು ರೋಮಾಪುರದವರನ್ನು ಎಚ್ಚರಿಸಿದನು. ಅವರ ವೇದವನ್ನು ಅವರ ಹೆಸರಿನಿಂದಲೇ ಮರ್ಯಾದೆಯಾಗಿ ಹೇಳುವದು ನಮಗೆ ತಕ್ಕದ್ದು.

ಈ ರಾತ್ರಿಯೇ ದೀಪದ ಮುಂದೆ ಮನೆಯವರೆಲ್ಲರೂ ಕೂತು ಆದಿಕಾಂಡವನ್ನು ತೆರೆಯಿರಿ. ಓದಬಲ್ಲವರು ಓದಲಿ, ಓದಲಾರದವರು ಕೇಳಲಿ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರಿಗೆ ವೇದಾರ್ಥವನ್ನು ಬಿಚ್ಚಿದ ಕರ್ತನು ನಿಮಗೂ ಬಿಚ್ಚಲಿ. ಆಮೆನ್.